ಹೆಸರಿಗೇ ಬಂದ ಕರೆ

೫ ಫೆಬ್ರುವರಿ ೧೯೭೯, ಸೋಮವಾರ

ಬಂದೇ ಬಂತು! ಟಪಾಲಿನಲ್ಲಿ ಬಂದ ಕಾಗದವನ್ನು ನಾಲ್ಕು ಸಲ ಓದಿದೆ. ದೂರದೂರಿನ ಕರೆಗಳನ್ನು ಜೋಡಿಸುವ ಶಿವಮೊಗ್ಗದ ಟ್ರಂಕ್ ಎಕ್ಸ್‌ಚೇಂಜಿಗೆ ಸೂಪರ್‌ವೈಸರ್ ಬೇಕಾಗಿದ್ದಾರೆ, ಪಟ್ಟಿಯಲ್ಲಿ ನನ್ನ ಹೆಸರಿದೆ. ಮಾರ್ಚ್ ಮೊದಲ ವಾರ ಸಾಹೇಬರು ತರೀಕೆರೆಗೇ ಬಂದು ನನ್ನ ಬೆನ್ನ ಹಿಂದೆ ನಿಂತು ಕೆಲಸ ನೋಡುತ್ತಾರಂತೆ. ನೋಡಲಿ! ಇಪ್ಪತ್ತೊಂದು ವರ್ಷದಿಂದ ಟೆಲಿಫೋನ್ ಬೋರ್ಡಿನ ಮುಂದೆ ಕುಳಿತಿದ್ದೇನೆ. ನನ್ನ ಮೇಲೆ ಒಂದೇ ಒಂದು ದೂರಿಲ್ಲ.

ಈ ಡೈರಿ ಹೊಸ ವರ್ಷಕ್ಕೆ ೧೭ ಕೊಟ್ಟದ್ದು. ೧೭ ಎಂದರೆ ಅಡಿಕೆ ಮಂಡಿ. ಈ ಊರಿನವರು ನನಗೆ ನಂಬರುಗಳಾಗಿಯೇ ಪರಿಚಯ. ೪ ಡಾಕ್ಟರು, ೨೨ ಬಸ್ ಏಜೆಂಟು, ೩೧ ಯಾವಾಗಲೂ ಜಗಳ. ಅವರಿಗೂ ನನ್ನ ಹೆಸರು ಗೊತ್ತಿಲ್ಲ. ಲೈನಿನಲ್ಲಿ ಹೆಸರು ಹೇಳುವುದು ನಿಯಮಕ್ಕೆ ವಿರುದ್ಧ, ‘ಆಪರೇಟರ್ ಮೂರು’ ಎನ್ನಬೇಕು. ಸಂತೆಯಲ್ಲಿ ಸಿಕ್ಕವರು ‘ಎಕ್ಸ್‌ಚೇಂಜಮ್ಮ’ ಅನ್ನುತ್ತಾರೆ.

ಇಂಗ್ಲಿಷಿನಲ್ಲಿ ಬರೆದರೆ ನನ್ನ ಮನಸ್ಸೂ ಕಚೇರಿಯ ರಿಪೋರ್ಟಿನಂತೆ ಕಾಣುತ್ತದೆ, ಅದಕ್ಕೇ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಅಪ್ಪ ಬೀರೂರು ಸ್ಟೇಷನ್ನಿನಲ್ಲಿ ಗುಮಾಸ್ತರಾಗಿದ್ದರು. ಎಂಟು ವರ್ಷದ ನನ್ನನ್ನು ಮೈಸೂರಿನ ಬೋರ್ಡಿಂಗ್ ಶಾಲೆಗೆ ಬಿಟ್ಟು ಹೊರಟಾಗ, “ಏನಾದ್ರೂ ಆಗಿ ತೋರಿಸ್ಬೇಕು, ಯೂನಿ,” ಎಂದಿದ್ದರು. ಈಗ ನನಗೆ ನಲವತ್ತಮೂರು. ಅಪ್ಪ ಇಲ್ಲ. ಆದರೂ ತೋರಿಸುತ್ತೇನೆ.

ಮನೆಯೊಡತಿ ವಿಶಾಲಾಕ್ಷಮ್ಮ ಸುದ್ದಿ ಕೇಳಿ ಕಾಫಿ ಲೋಟ ತಂದರು. “ಕುಡೀರಿ, ಕುಡೀರಿ. ಸೂಪ್ರವೈಜರ್ ಆದ್ಮೇಲೆ ನಮ್ ಚಿಕೋರಿ ಕಾಫಿ ನಿಮ್ ಗಂಟಲಲ್ಲಿ ಇಳಿಯುತ್ತೋ ಇಲ್ವೋ!”

೧೧ ಫೆಬ್ರುವರಿ, ಭಾನುವಾರ

ಇವತ್ತು ಆರಾಧನೆಯಲ್ಲಿ ಮನಸ್ಸು ಕೆಟ್ಟಿತು. ಸ್ಟೇಷನ್ ಹಿಂದಿನ ನಮ್ಮ ಕ್ರೈಸ್ತ ಸಭೆ ಹನ್ನೊಂದು ಮನೆಗಳದು. ಸಭಾಪಾಲಕರಾದ ಅಯ್ಯನವರು ತಿಂಗಳಿಗೊಮ್ಮೆ ಬರುತ್ತಾರೆ. ಉಳಿದ ಭಾನುವಾರಗಳಲ್ಲಿ ಪ್ರಾರ್ಥನೆ ನಡೆಸುವವರು ಉಪದೇಶಿ ದೇವಪುತ್ರಪ್ಪ, ಹಿಂದೆ ರೈಲ್ವೆ ಗ್ಯಾಂಗ್‌ಮನ್ ಆಗಿದ್ದವರು. ನಾನು ಹಾರ್ಮೋನಿಯಂ ನುಡಿಸುತ್ತೇನೆ.

ಸೂಪರ್‌ವೈಸರ್ ವಿಷಯವನ್ನು ಪ್ರಾರ್ಥನೆಗೆ ಇಡಿ ಎಂದು ಅವರಿಗೆ ಮೊದಲೇ ಹೇಳಿದ್ದೆ. ಚೀಟಿಯನ್ನೂ ಬರೆದುಕೊಟ್ಟಿದ್ದೆ. ಎಲ್ಲರ ಮುಂದೆ ಕಣ್ಣು ಮುಚ್ಚಿ, “ಕರ್ತನೇ, ನಿನ್ನ ಮಗಳು ಯೂನಿಸಳಿಗಾಗಿ ಸ್ತೋತ್ರ,” ಎಂದರು. ಮುಂದಿನ ಮಾತಿಗೆ ನಾನು ಕಾಯುತ್ತಿದ್ದೆ. ಅವರು ಗೇಟ್‌ಮನ್ ಮಗುವಿನ ಕೆಮ್ಮಿಗೆ ಹೋಗಿಬಿಟ್ಟರು!

ಹೊರಗೆ ಬಂದಮೇಲೆ ಕೇಳಿದೆ. “ಅಯ್ಯೋ, ಅದನ್ನ ಹೇಳೋದು ಮರ್ತೇ ಹೋಯ್ತು ಕಣಮ್ಮ. ಹೆಸರು ಹೇಳಿದ್ನಲ್ಲ, ಸಾಕು ಅನ್ನಿಸ್ಬಿಡ್ತು,” ಎಂದು ನಕ್ಕರು.

ಸಾಕಂತೆ. ಹೆಸರು ಹೇಳಿದರೆ ದೇವರಿಗೆ ವಿಷಯ ತಿಳಿಯುವುದು ಹೇಗೆ? ನಾನು ಮನೆಯಲ್ಲಿ ಇಂಗ್ಲಿಷಿನಲ್ಲಿ ಕ್ರಮವಾಗಿ ಪ್ರಾರ್ಥಿಸಿದೆ: ಸೇವೆಯ ವರ್ಷ, ನಡತೆ, ದೂರಿಲ್ಲದ ದಾಖಲೆ. ಒಂದನ್ನೂ ಬಿಡಲಿಲ್ಲ.

೧೯ ಫೆಬ್ರುವರಿ, ಸೋಮವಾರ

ತಪಾಸಣೆ ಮಾರ್ಚ್ ಆರಕ್ಕೆ! ಸಾಹೇಬರ ಕೈಯಲ್ಲಿ ಸ್ಟಾಪ್‌ವಾಚ್ ಇರುತ್ತದಂತೆ. ಚಂದಾದಾರರು ಕರೆದರೆ ಬೋರ್ಡಿನಲ್ಲಿ ಅವರ ನಂಬರಿನ ಪುಟ್ಟ ತಗಡು ಬೀಳುತ್ತದೆ. ಅದು ಬಿದ್ದ ಎಷ್ಟು ಸೆಕೆಂಡಿಗೆ ಉತ್ತರಿಸಿದೆವು ಎಂಬುದೇ ಲೆಕ್ಕ. ನನ್ನದು ಮೂರು ಸೆಕೆಂಡ್. ಜೊತೆಯ ಪ್ರೇಮ ಗಡಿಯಾರ ಹಿಡಿದು ನೋಡಿ, “ಅಕ್ಕಾ, ನೀವು ಮನುಷ್ಯರಲ್ಲ, ಮಿಷಿನ್ನು!” ಎಂದಳು. ದಿನವಿಡೀ ಆ ಮಾತಿನ ಖುಷಿ.

ಕಡೂರಿಗೂ ಹೇಳಿದೆ. ಕಡೂರು ಎಂದರೆ ಅಲ್ಲಿಯ ಎಕ್ಸ್‌ಚೇಂಜಿನ ಆಪರೇಟರ್. ಹನ್ನೆರಡು ವರ್ಷದಿಂದ ದಿನಕ್ಕೆ ಐವತ್ತು ಸಲ ಮಾತಾಡುತ್ತೇವೆ. ಮುಖ ನೋಡಿಲ್ಲ. ನಾನು ಅವಳನ್ನು ‘ಕಡೂರು’ ಅನ್ನುತ್ತೇನೆ, ಅವಳು ನನ್ನನ್ನು ‘ತರೀಕೆರೆ’.

“ನಿನ್ಗೇ ಆಗುತ್ತೆ ಬಿಡೇ ತರೀಕೆರೆ,” ಎಂದಳು. ಆಮೇಲೆ, “ನನ್ಗೂ ಕಾಗದ ಬಂದೈತೆ. ನಿನ್ ಮುಂದೆ ನಾನೆಲ್ಲಿ?”

ಅವಳೂ ಪಟ್ಟಿಯಲ್ಲಿದ್ದಾಳೆ! ಗೊತ್ತಿರಲಿಲ್ಲ. ಅವಳು ಉತ್ತರಿಸಲು ಎಷ್ಟು ಸೆಕೆಂಡ್ ತೆಗೆದುಕೊಳ್ಳುತ್ತಾಳೆಂದು ಮಧ್ಯಾಹ್ನದಿಂದ ಸುಮ್ಮನೆ ಎಣಿಸುತ್ತಿದ್ದೆ. ಐದು.

೧ ಮಾರ್ಚ್, ಗುರುವಾರ

ಹೊಸ ಬಿಳಿ ಸೀರೆ, ನೀಲಿ ಅಂಚಿನದು. ಸಾಹೇಬರು ಕೇಳಬಹುದಾದ ಪ್ರಶ್ನೆಗಳಿಗೆ ಇಂಗ್ಲಿಷಿನಲ್ಲಿ ಉತ್ತರ ಬಾಯಿಪಾಠ. ಐದು ದಿನ!

೬ ಮಾರ್ಚ್, ಮಂಗಳವಾರ

ಎಲ್ಲವನ್ನೂ ಬರೆಯುತ್ತೇನೆ, ನಡೆದ ಕ್ರಮದಲ್ಲೇ.

ಬೆಳಿಗ್ಗೆ ಎಂಟೂ ಇಪ್ಪತ್ತಕ್ಕೆ ಶಿವಮೊಗ್ಗದಿಂದ ಒಂದು ಅರ್ಜೆಂಟ್ ಪಿ.ಪಿ. ಕಾಲ್ ಬಂತು. ಪಿ.ಪಿ. ಎಂದರೆ ‘ಪರ್ಟಿಕ್ಯುಲರ್ ಪರ್ಸನ್’: ಫೋನ್ ಯಾರು ಎತ್ತಿದರೂ ಸಾಲದು, ಹೆಸರು ಹೇಳಿದ ಮನುಷ್ಯನೇ ಬರಬೇಕು. “ಅಜ್ಜಂಪುರ ೯. ಮಲ್ಲಿಕಾರ್ಜುನ ಅವರೇ ಬೇಕು,” ಎಂದರು ಅಲ್ಲಿಯವರು. ೯ ಎಣ್ಣೆ ಗಿರಣಿಯ ನಂಬರು. ಮಾಲೀಕರು ಮಲ್ಲಿಕಾರ್ಜುನಪ್ಪ. ನಾನು ಮನಸ್ಸಿನಲ್ಲಿ ಇಂಗ್ಲಿಷ್ ಉತ್ತರ ಹೇಳಿಕೊಳ್ಳುತ್ತಲೇ ಟಿಕೆಟ್ಟಿನಲ್ಲಿ, ಅಂದರೆ ಪ್ರತಿ ಟ್ರಂಕ್ ಕಾಲಿಗೂ ಬರೆಯುವ ಚೀಟಿಯಲ್ಲಿ, ‘ಮಲ್ಲಿಕಾರ್ಜುನಪ್ಪ’ ಎಂದು ಬರೆದೆ. ಅಷ್ಟು ಖರ್ಚು ಮಾಡಿ ಹೆಸರು ಹಿಡಿದು ಕರೆಸಿಕೊಳ್ಳುವವರು ಇನ್ನಾರು? ಮಾಲೀಕರು ಬಂದರು. “ಮಾತಾಡಿ,” ಎಂದು ಜೋಡಿಸಿ ಬಿಟ್ಟೆ.

ಹತ್ತಕ್ಕೆ ಸಾಹೇಬರು ಬಂದು ಬೆನ್ನ ಹಿಂದೆ ನಿಂತರು. ಸ್ಟಾಪ್‌ವಾಚ್ ಟಿಕ್ ಎಂದಿತು. ಮೂರು ಸೆಕೆಂಡ್, ಮೂರು, ಎರಡೂವರೆ! ಹತ್ತೂ ಹತ್ತಕ್ಕೆ ಅಜ್ಜಂಪುರದ ತಗಡು ಬಿತ್ತು.

“ಏನಮ್ಮಾ ಎಕ್ಸ್‌ಚೇಂಜಮ್ಮ, ಬೆಳಗ್ಗೆ ಬೆಳಗ್ಗೆ ಗೇಲಿ ಮಾಡ್ತೀರೇನ್ರೀ?” ಮಲ್ಲಿಕಾರ್ಜುನಪ್ಪನವರ ಗಂಟಲು ಬೋರ್ಡು ನಡುಗಿಸುವಂತಿತ್ತು. “ಯಾವಳೋ ಆಸ್ಪತ್ರೆಯೋಳು ಫೋನ್ ಮಾಡಿ, ‘ನಿಮ್ ಹೆಂಡ್ತಿಗೆ ಹೆರಿಗೆ ಕಷ್ಟ ಆಗೈತೆ, ರಕ್ತ ಕೊಡ್ಬೇಕು, ತಕ್ಷಣ ಬನ್ನಿ’ ಅಂತಾಳೆ! ನನ್ ಹೆಂಡ್ತಿಗೆ ಐವತ್ತೆಂಟು ಕಣಮ್ಮ! ಇಲ್ಲೇ ಪಡಸಾಲೇಲಿ ಅವರೆಕಾಯಿ ಸುಲೀತಾ ಕೂತವ್ಳೆ. ಬೈದು ಫೋನ್ ಇಟ್ಟೆ. ಆವಾಗ್ಲಿಂದ ಇವಳು ‘ಯಾವಳ್ರೀ ಅವ್ಳು ಶಿವಮೊಗ್ಗದೋಳು’ ಅಂತ ನನ್ನ ಒಂದೇ ಸಮ ತಿಂತಾವ್ಳೆ. ಸಮಾಧಾನ ಮಾಡೋದ್ರಲ್ಲಿ ಇಷ್ಟೊತ್ತಾಯ್ತು!”

ಬೆಳಗಿನ ಟಿಕೆಟ್ಟನ್ನು ಎಳೆದುಕೊಂಡು ನೋಡಿದೆ. “ಸ್ವಾಮೀ, ನಿಮ್ಮ ಗಿರಣಿಯಲ್ಲಿ ಮಲ್ಲಿಕಾರ್ಜುನ ಅಂತ ಬೇರೆ ಯಾರಾದ್ರೂ ಇದಾರಾ?”

ಅತ್ತ ದನಿ ತಗ್ಗಿತು: “ಅಯ್ಯೋ ಶಿವನೇ. ನಮ್ ಹಮಾಲಿ! ಅವನ ಹೆಂಡ್ತಿ ಶಿವಮೊಗ್ಗದ ಕಡೆ ತೌರಿಗೆ ಹೋಗವ್ಳೆ. ಅವನು ಹಿಂಡಿ ಮೂಟೆ ಲಾರೀಲಿ ಕಡೂರಿಗೆ ಹೊರಟು ಮುಕ್ಕಾಲು ಗಂಟೆ ಆಯ್ತಲ್ಲಮ್ಮಾ!”

ಒಂದೂ ಮುಕ್ಕಾಲು ಗಂಟೆ ಹೋಗಿಬಿಟ್ಟಿತ್ತು. ಆ ‘ಪ್ಪ’ ಯಾರೂ ಹೇಳಿದ್ದಲ್ಲ, ನಾನೇ ಸೇರಿಸಿದ್ದು. ಮೂಟೆ ಹೊರುವವನಿಗೂ ಪಿ.ಪಿ. ಕಾಲ್ ಬರಬಹುದು ಎಂದು ನನಗೆ ಹೊಳೆಯಲೇ ಇಲ್ಲ.

“ಲಾರಿ ಯಾವ ಬಣ್ಣ?”

“ನೀಲಿ. ಮುಂದ್ಗಡೆ ಬಾಳೆ ಕಂದು ಕಟ್ಟೈತೆ.”

ಕಡೂರಿನ ಲೈನಿಗೆ ತಂತಿ ಚುಚ್ಚಿದೆ. “ಹಲೋ ಕಡೂರು, ಲೈನ್ ಬಿಡಬೇಡ ಕಣೇ. ನೀಲಿ ಲಾರಿ, ಬಾಳೆ ಕಂದು, ಹಿಂಡಿ ಮೂಟೆ. ಅದರಲ್ಲಿ ಮಲ್ಲಿಕಾರ್ಜುನ ಅಂತ ಒಬ್ಬರಿದಾರೆ. ಅವರ ಹೆಂಡ್ತಿಗೆ ರಕ್ತ ಬೇಕು. ಹಿಡಿ!”

“ಬೀರೂರು ಕಡೆಯಿಂದ ತಾನೇ? ಪೆಟ್ರೋಲ್ ಬಂಕ್ ಮುಂದೇನೇ ಬರ್ಬೇಕು. ಬಂಕಿನ ಷಣ್ಮುಖಪ್ಪನ್ನ ಫೋನಲ್ಲಿ ಎಬ್ಬಿಸ್ತೀನಿ ತಾಳು!”

ಬೋರ್ಡಿನಲ್ಲಿ ಟಪಟಪ ತಗಡು ಬೀಳುತ್ತಿದ್ದವು. ಪ್ರೇಮ ಎರಡು ಕೈಯಲ್ಲೂ ತಂತಿ ಹಿಡಿದು ಒದ್ದಾಡುತ್ತಿದ್ದಳು. ಸಾಹೇಬರು ಇಂಗ್ಲಿಷಿನಲ್ಲಿ, ಮೂರು ಅರ್ಜೆಂಟ್ ಕಾಲುಗಳು ಕಾಯುತ್ತಿವೆ ಎಂದರು. “ಗೊತ್ತು ಸರ್,” ಎಂದೆ, ಕನ್ನಡದಲ್ಲಿ. ಐದು ದಿನ ಬಾಯಿಪಾಠ ಮಾಡಿದ ಇಂಗ್ಲಿಷ್ ಎಲ್ಲಿಗೆ ಹೋಯಿತೋ! ಇನ್ನೊಂದು ತಂತಿಯಿಂದ ಶಿವಮೊಗ್ಗ ಆಸ್ಪತ್ರೆಯನ್ನು ಹಿಡಿದುಕೊಂಡೆ. “ಗಂಡ ಬರ್ತಾ ಇದಾರೆ, ಬರ್ತಾ ಇದಾರೆ,” ಎಂದು ಅವರಿಗೆ ಹೇಳುತ್ತಲೇ ಇದ್ದೆ. ಬರುತ್ತಿದ್ದಾರೋ ಇಲ್ಲವೋ ನನಗೇ ಗೊತ್ತಿರಲಿಲ್ಲ.

ಆಗ ಕಡೂರು ಕೂಗಿದಳು: “ಬಂತು! ಷಣ್ಮುಖಪ್ಪ ಟವಲ್ ಬೀಸ್ಕೊಂಡು ರಸ್ತೆ ಮಧ್ಯಕ್ಕೇ ಓಡವ್ರೆ! ನಿಲ್ಲಿಸಿದ್ರು!”

ಖರಖರ ಸದ್ದು. ದೂರದಿಂದ ಯಾರೋ, “ತಿರುವಿ ಹಿಡ್ಕೊಳಯ್ಯ, ಅದು ಕಿವಿಗೆ, ಇದು ಬಾಯಿಗೆ,” ಎಂದರು. ಆಮೇಲೆ ಒಂದು ಉಸಿರು.

“ಮಲ್ಲಿಕಾರ್ಜುನ ಅವರಾ?” ಎಂದೆ.

“ಹೂಂ. ಮಲ್ಲಿಕಾರ್ಜುನಾನೇ.” ಮತ್ತೆ ಉಸಿರು. “ಪೋನು ನನ್ಗಾ? ನನ್ಗೇನಾ ಅಮ್ಮಾ?”

“ನಿಮಗೇ. ನಿಮ್ಮ ಹೆಸರು ಹೇಳಿಯೇ ಕರೆದಿದಾರೆ. ಮಾತಾಡಿ.”

ಜೋಡಿಸಿದೆ. ಅವರು ಶಿವಮೊಗ್ಗದ ಬಸ್ಸು ಹಿಡಿದರು. ಆ ಬಸ್ಸು ತರೀಕೆರೆಯಲ್ಲಿ ಹದಿನೈದು ನಿಮಿಷ ನಿಲ್ಲುತ್ತದೆ. ೨೨ಕ್ಕೆ ಫೋನ್ ಮಾಡಿ ಇವತ್ತು ನಿಲ್ಲಿಸಬೇಡಿ ಎಂದು ಗೋಗರೆದೆ. “ಆಯ್ತು ಕಣಮ್ಮ, ಟೀ ಕುಡಿಯೋಕೂ ಬಿಡಲ್ಲ ಡ್ರೈವರ್‌ನ,” ಎಂದರು ಬಸ್ ಏಜೆಂಟು ಈರಣ್ಣ.

ಸಾಹೇಬರು ಬರೆದುಕೊಂಡರು: ನಲವತ್ತು ನಿಮಿಷ, ಏಳು ಕಾಲ್ ತಡ. ವಿವರಣೆ ಕೇಳಿ ಪತ್ರ ಬರುತ್ತದೆ ಎಂದು ಹೇಳಿ ಹೋದರು. ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

೭ ಮಾರ್ಚ್, ಬುಧವಾರ

ಹೆಣ್ಣು ಮಗು! ತಾಯಿ, ಮಗು ಇಬ್ಬರೂ ಕ್ಷೇಮ! ಗಂಡ ಹೋಗಿ ರಕ್ತ ಕೊಟ್ಟ ಮೇಲೆಯೇ ಆಪರೇಷನ್ ಆಯಿತಂತೆ.

ಕಡೂರಿಗೆ ಹೇಳಿದರೆ ಲೈನಿನಲ್ಲೇ ಗಳಗಳ ಅತ್ತಳು. ತಟ್ಟನೆ ಕೇಳಿದೆ, “ಲೇ, ನಿನ್ನ ಹೆಸರೇನೇ?”

“ಹನ್ನೆರಡು ವರ್ಷ ಆದ್ಮೇಲೆ ಕೇಳ್ತಾವ್ಳೆ ನೋಡು! ಮೀನಾಕ್ಷಿ ಕಣೇ. ನಿಂದು?”

“ಯೂನಿಸ್.”

“ಅದೇನೋ ಬಿಸ್ಕತ್ತಿನ ಹೆಸರಿದ್ದಂಗೈತೆ.”

ನಗುನಗುತ್ತಲೇ ತಂತಿ ಕಿತ್ತೆ.

೧೨ ಮಾರ್ಚ್, ಸೋಮವಾರ

ಪತ್ರ ಬಂತು. ಹೆಸರು ತಪ್ಪಾದುದು ಹೇಗೆ ಎಂದು ಏಳು ದಿನದೊಳಗೆ ಬರೆದು ತಿಳಿಸಬೇಕು. ಸೂಪರ್‌ವೈಸರ್ ಹುದ್ದೆಯ ತೀರ್ಮಾನ ಆ ಉತ್ತರ ನೋಡಿದ ಮೇಲೆ.

ಎಂದರೆ ಇನ್ನೂ ಕೈಬಿಟ್ಟಿಲ್ಲ!

ಪ್ರೇಮ ಪಕ್ಕಕ್ಕೆ ಕರೆದು ಹೇಳಿದಳು: “ಅಕ್ಕಾ, ಲೈನ್ ಗರಗರ ಅಂತಿತ್ತು, ಶಿವಮೊಗ್ಗದೋರು ‘ಪ್ಪ’ ಅಂದಂಗೆ ಕೇಳಿಸ್ತು ಅಂತ ಬರ್ದುಬಿಡಿ. ಯಾರಿಗೇನು ನಷ್ಟ? ಮಗು ಬದುಕೈತೆ, ನೀವೂ ಬದುಕ್ಕೊಳ್ಳಿ.”

ಯಾರಿಗೂ ನಷ್ಟವಿಲ್ಲ, ನಿಜ. ಗರಗರ ಎನ್ನದ ಲೈನು ಈ ಸೀಮೆಯಲ್ಲಿ ಯಾವುದಿದೆ? ಮನೆಗೆ ಬಂದು ಒಂದೇ ಸಲಕ್ಕೆ ಬರೆದು ಮುಗಿಸಿದೆ. ಒಂದೂವರೆ ಪುಟ.

೧೪ ಮಾರ್ಚ್, ಬುಧವಾರ

ಉತ್ತರ ಚೆನ್ನಾಗಿದೆ. ಬೋರ್ಡಿಂಗ್ ಶಾಲೆಯ ಇಂಗ್ಲಿಷ್. ಮತ್ತೆ ಓದಿದೆ. ತುಂಬಾ ಚೆನ್ನಾಗಿದೆ. ಇನ್ನೂ ಅಂಚೆಗೆ ಹಾಕಿಲ್ಲ.

೧೫ ಮಾರ್ಚ್, ಗುರುವಾರ

ಪ್ರಾರ್ಥನೆಗೆ ಕುಳಿತೆ. ವರದಿ ಮಾಡಲು ಏನೂ ಇರಲಿಲ್ಲ. ಎದ್ದೆ.

೧೭ ಮಾರ್ಚ್, ಶನಿವಾರ

ನಾಳೆಯ ಆರಾಧನೆಗೆ ಹಾಡು ನೋಡಿಕೊಳ್ಳಬೇಕೆಂಬ ನೆಪ ಮಾಡಿ ದೇವಾಲಯಕ್ಕೆ ಹೋದೆ. ಉಪದೇಶಿಗಳು ಕಸ ಗುಡಿಸುತ್ತಿದ್ದರು. ಇನ್ನೊಂದು ಪೊರಕೆ ಕೈಗೆ ಕೊಟ್ಟರು. ಗುಡಿಸುತ್ತಾ ಎಲ್ಲವನ್ನೂ ಹೇಳಿಬಿಟ್ಟೆ: ‘ಪ್ಪ’, ಪತ್ರ, ಒಂದೂವರೆ ಪುಟದ ಸುಳ್ಳು.

“ಈ ಕೆಲಸ ಸಿಗದಿದ್ದರೆ ನಾನು ಏನೂ ಆಗದೇ ಉಳಿದುಬಿಡ್ತೀನಿ, ಉಪದೇಶಿಗಳೇ,” ಎಂದೆ. ಹೇಳಿದ ಮೇಲೆ ನಾಚಿಕೆಯಾಯಿತು.

ಅವರು ಪೊರಕೆ ಗೋಡೆಗೆ ಒರಗಿಸಿದರು. “ಗ್ಯಾಂಗಿನಲ್ಲಿ ನನ್ಗೆ ತಗಡಿನ ಬಿಲ್ಲೆ ಕೊಟ್ಟಿದ್ರು ಕಣಮ್ಮ, ಇಪ್ಪತ್ತಾರು ಅಂತ. ಮೇಸ್ತ್ರಿ ‘ಲೇ ಇಪ್ಪತ್ತಾರು’ ಅಂತಾನೇ ಕೂಗ್ತಿದ್ದ. ಮೂವತ್ತು ವರ್ಷ. ಎಷ್ಟೋ ದಿನ ನನ್ ಹೆಸರು ನನ್ಗೇ ಮರ್ತು ಹೋಗೋದು. ಭಾನುವಾರ ಇಲ್ಲಿ ಬಂದು ಕೂತ್ರೆ ಮಾತ್ರ ನಾನು ದೇವಪುತ್ರಪ್ಪ.” ಒಳಗೆ ಹೋಗಿ ಮರದ ಪೆಟ್ಟಿಗೆಯಿಂದ ಉದ್ದನೆಯ ಪುಸ್ತಕ ತಂದರು. “ನಿನ್ಗೆ ದೀಕ್ಷಾಸ್ನಾನ ಆಗಿದ್ದು ಇಲ್ಲೇ ತಾನೇ? ಹುಡುಕು.”

ದೀಕ್ಷಾಸ್ನಾನದ ದಾಖಲೆ, ಕೂಸುಗಳ ತಲೆಗೆ ನೀರೆರೆದು ಹೆಸರು ಹಿಡಿದು ಸಭೆಗೆ ಸೇರಿಸಿಕೊಂಡದ್ದರ ಪುಸ್ತಕ. ಹಾಳೆಗಳ ಅಂಚು ಇಲಿ ತಿಂದಿದೆ. ೯ ಫೆಬ್ರುವರಿ ೧೯೩೬. ನಾನು ಹುಟ್ಟಿ ನಲವತ್ತು ದಿನ. ಹೆಸರು: ಯೂನಿಸ್. ತಂದೆ, ತಾಯಿ. ತಂದೆಯ ಉದ್ಯೋಗ: ರೈಲ್ವೆ ಗುಮಾಸ್ತ.

“ಓದಿದ್ಯಾ? ಅಪ್ಪನ ಉದ್ಯೋಗಕ್ಕೆ ಕಾಲಮ್ಮು ಐತೆ. ನಿನ್ ಉದ್ಯೋಗಕ್ಕೆ?”

“ಇಲ್ಲ.”

“ಎಲ್ಲಿಂದ ಬರ್ಬೇಕು! ಅವತ್ತು ನೀನು ಮೆಟ್ರಿಕ್ ಆಗಿದ್ಯಾ? ತಲೇನೂ ನಿಲ್ತಿರಲಿಲ್ಲ. ಸ್ವಾಮಿ ಅವತ್ತೇ ಹೆಸರು ಹಿಡಿದು ಕರೆದಾಯ್ತು, ‘ಇವಳು ನನ್ನವಳು’ ಅಂದಾಯ್ತು. ಏನಾದ್ರೂ ಆದ್ಮೇಲೆ ಬಾ ಅನ್ನಲಿಲ್ಲ. ಆಮೇಲೆ ನಾವು ಮಾಡೋದು ಕೆಲಸ. ಚೆನ್ನಾಗೇ ಮಾಡ್ಬೇಕು. ಅದು ಬೇರೆ.”

ನನಗೆ ಇದ್ದಕ್ಕಿದ್ದಂತೆ ನಗು ಬಂತು. ದೇವಾಲಯದಲ್ಲಿ ಹಾಗೆ ನಕ್ಕದ್ದೇ ಇಲ್ಲ. ನಲವತ್ತು ದಿನದ ಕೂಸಿಗೆ ಪಿ.ಪಿ. ಕಾಲ್! ಖರ್ಚೆಲ್ಲ ಕರೆದವನದೇ, ಶಿಲುಬೆಯ ಮೇಲೆ ಪ್ರಾಣ ಕೊಟ್ಟು ಅವನೇ ಅದನ್ನು ತೆತ್ತಾಗಿದೆ. ನಾನು ಮಾತ್ರ ನಲವತ್ತಮೂರು ವರ್ಷ ‘ನನಗಲ್ಲ, ಬೇರೆ ಯಾರೋ ದೊಡ್ಡವರಿಗೆ ಇರಬೇಕು’ ಎಂದು ಫೋನ್ ಪಕ್ಕದಲ್ಲೇ ನಿಂತಿದ್ದೆ. ನನ್ನ ಹೆಸರಿಗೂ ಒಂದು ‘ಪ್ಪ’ ಸೇರಿಸಿಕೊಂಡ ಮೇಲೆಯೇ ಉತ್ತರ ಕೊಡೋಣ ಎಂದು!

ಮನೆಗೆ ನಡೆದು ಬರುತ್ತಾ ಆ ಹಮಾಲಿಯ ಮಾತು ನನ್ನ ಬಾಯಲ್ಲೇ ಬಂತು. “ನನಗಾ? ನನಗೇನಾ?” ಬಸ್ ಸ್ಟ್ಯಾಂಡಿನಲ್ಲಿ ಹೂ ಮಾರುವ ಈರಕ್ಕ, “ಏನಮ್ಮಾ ಒಬ್ಬೊಬ್ಳೇ ಮಾತಾಡ್ಕೊಂಡು ಹೋಗ್ತಿದೀಯ?” ಎಂದಳು.

೧೯ ಮಾರ್ಚ್, ಸೋಮವಾರ

ಒಂದೂವರೆ ಪುಟವನ್ನು ವಿಶಾಲಾಕ್ಷಮ್ಮನವರ ಹಂಡೆಯ ಒಲೆಗೆ ಹಾಕಿದೆ. ಹೊಸ ಉತ್ತರ ಮೂರು ಸಾಲು: ಲೈನು ಸರಿಯಿತ್ತು. ಹೆಸರು ಸರಿಯಾಗಿಯೇ ಕೇಳಿಸಿತು. ಕಾರ್ಮಿಕರೊಬ್ಬರಿಗೆ ಪಿ.ಪಿ. ಕಾಲ್ ಬರುತ್ತದೆಂದು ಭಾವಿಸದೆ ನಾನೇ ಬದಲಾಯಿಸಿದೆ.

ಅಂಚೆ ಡಬ್ಬದೊಳಗೆ ಅದು ಬಿದ್ದ ಸದ್ದು ಕೇಳಿ ಹೆದರಿಕೆಯಾಯಿತು. ಆಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಹುದ್ದೆ ಈಗಲೂ ಬೇಕು, ಸೂಪರ್‌ವೈಸರಿಗೆ ಕೊಡುವ ಆ ಸ್ವಂತ ಮೇಜು ಕೂಡ. ಆದರೆ ಹಸಿವಾಯಿತು. ಒಂದು ವಾರದ ಮೇಲೆ ಸರಿಯಾಗಿ ಊಟ ಮಾಡಿದೆ, ಎರಡು ಮುದ್ದೆ.

೨೬ ಮಾರ್ಚ್, ಸೋಮವಾರ

ಎಕ್ಸ್‌ಚೇಂಜಿನ ಕಿಟಕಿಯ ಹೊರಗೆ ಒಬ್ಬರು ಚೀಲ ಹಿಡಿದು ನಿಂತಿದ್ದರು. ಅಗಲ ಭುಜ, ಸಣ್ಣ ದನಿ. ದನಿ ಕೇಳಿದ ತಕ್ಷಣ ಗುರುತು ಹಿಡಿದೆ.

“ಈರುಳ್ಳಿ ಕಣಮ್ಮ, ನಮ್ ಅಜ್ಜಂಪುರದ್ದು. ಬೇಡ ಅನ್ಬೇಡಿ.” ಒಳಗಿನ ಬೋರ್ಡನ್ನು ಕಣ್ಣರಳಿಸಿ ನೋಡಿದರು. “ಇದರೊಳಗಿಂದಾನಾ ನನ್ನ ಹುಡುಕಿದ್ದು?”

ನಾನು ಅವರಿಗೆ ನಿಜ ಹೇಳಿದೆ. ಮೊದಲ ಕರೆ ಅವರಿಗೇ ಬಂದಿತ್ತು, ಮಾಲೀಕರಿಗಿರಬೇಕೆಂದು ನಾನೇ ತಿರುಗಿಸಿದೆ, ಎರಡು ಗಂಟೆ ತಡವಾದದ್ದು ನನ್ನಿಂದ. ಅವರು ಚೀಲ ಕೆಳಗಿಟ್ಟರು. ಬಯ್ಯುತ್ತಾರೆಂದುಕೊಂಡೆ.

“ನಾನಾಗಿದ್ರೂ ಹಂಗೇ ಅಂದ್ಕೊಳ್ತಿದ್ದೆ ಬಿಡಮ್ಮ,” ಎಂದರು. “ಲಾರಿ ನಿಲ್ಸಿ ಪೋನು ಅಂದಾಗ್ಲೂ, ಧಣಿಗಳಿಗೇ ಇರ್ಬೇಕು ಅಂತ ಓಡಿಹೋಗೋದ್ರಲ್ಲಿದ್ದೆ.” ಆಮೇಲೆ ನಕ್ಕರು. “ಧಣಿಗಳ ಮನೇಲಿ ಅಮ್ಮಾವ್ರು ಇವತ್ತಿಗೂ ಕೇಳ್ತಾವ್ರಂತೆ, ಶಿವಮೊಗ್ಗದೋಳು ಯಾರು ಅಂತ.”

ಹೊರಡುವಾಗ ಕೇಳಿದರು: “ನಿಮ್ ಹೆಸ್ರೇನಮ್ಮಾ? ಮನೇಲಿ ಹೇಳ್ಬೇಕು.”

“ಯೂನಿಸ್.”

“ನೂನಿಸಮ್ಮ,” ಎಂದರು ಗಂಭೀರವಾಗಿ, ಮರೆಯಬಾರದೆಂದು ಎರಡು ಸಲ. ಪ್ರೇಮ ಹೆಡ್‌ಫೋನಿನೊಳಗೆ ನಗುತ್ತಿದ್ದಳು. ಈರುಳ್ಳಿಯಲ್ಲಿ ಅವಳಿಗೆ ಅರ್ಧ, ವಿಶಾಲಾಕ್ಷಮ್ಮನವರಿಗೆ ಕಾಲು. ಡಾಕ್ಟರಮ್ಮ ಶಕುಂತಲಮ್ಮ ಆ ಹೊತ್ತಿಗೆ ಟ್ರಂಕ್ ಕಾಲ್ ಕೇಳಿದರು, ಅವರಿಗೂ ಒಂದಿಷ್ಟು ಕಳಿಸಿದೆ.

೫ ಏಪ್ರಿಲ್, ಗುರುವಾರ

ಹನ್ನೊಂದು ಗಂಟೆಗೆ ಕಡೂರಿನ ತಗಡು ಬಿತ್ತು. “ಹಲೋ ಮೀನಾಕ್ಷಿ,” ಎಂದೆ. ಅವಳು ಎಂದಿನಂತೆ ಮಾತಾಡಲಿಲ್ಲ. ಬಿಗಿಯಾದ ಕೆಲಸದ ದನಿಯಲ್ಲಿ, “ಪಿ.ಪಿ. ಕಾಲ್. ತರೀಕೆರೆ ಎಕ್ಸ್‌ಚೇಂಜ್. ಯೂನಿಸ್ ಅವರೇ ಬೇಕು, ಬೇರೆ ಯಾರೂ ಬೇಡ,” ಎಂದಳು.

ಇಪ್ಪತ್ತೊಂದು ವರ್ಷದಲ್ಲಿ ನನಗೆ ಬಂದ ಮೊದಲ ಪಿ.ಪಿ. ಕಾಲ್! “ನಾನೇ,” ಎಂದೆ.

“ಯೂನಿಸ್...” ದನಿ ಒಡೆಯಿತು. “ಆರ್ಡರ್ ಬಂತು ಕಣೇ. ನನ್ನ ಹೆಸರು ಹಾಕವ್ರೆ. ಅದು ನಿನ್ ಜಾಗ. ಹೆಂಗ್ ಹೇಳೋದು ಅಂತ ಬೆಳಗ್ಗಿಂದ ಕೂತಿದೀನಿ.”

ಒಂದು ಕ್ಷಣ ಆ ಸ್ವಂತ ಮೇಜು ಕಣ್ಣಮುಂದೆ ಬಂತು, ಬೇಜಾರಾಯಿತು. ಇಲ್ಲಿ ಸುಳ್ಳು ಬರೆಯುವುದಿಲ್ಲ. ಒಂದು ಕ್ಷಣ, ಎರಡೂ ಇರಬಹುದು. ಆಮೇಲೆ ನಾನು ಕಿರುಚಿದ ರಭಸಕ್ಕೆ ಪ್ರೇಮ ಸ್ಟೂಲಿನಿಂದ ಎದ್ದೇಬಿಟ್ಟಳು. “ಮೀನಾಕ್ಷಿ! ಸೂಪರ್‌ವೈಸರ್ ಮೀನಾಕ್ಷಮ್ಮ! ಅಳ್ತೀಯೇನೇ ಮಂಕೇ!”

“ನಿನ್ಗೆ ಬೇಜಾರಿಲ್ವೇನೇ?”

“ಇತ್ತು. ಎಲ್ಲೋಯ್ತೋ ನೋಡ್ಬೇಕು. ಲೇ, ಅಲ್ಲಿ ಹದಿನಾಲ್ಕು ಹುಡುಗಿಯರಿದಾರಂತೆ. ಮೊದಲ ದಿನವೇ ಎಲ್ಲರ ಹೆಸರು ಕೇಳ್ಕೋ. ನಂಬರ್ ಹಿಡಿದು ಕೂಗಬೇಡ.”

“ಆಯ್ತು ಸೂಪ್ರವೈಜರಮ್ಮ,” ಎಂದಳು ಮೂಗೆಳೆದುಕೊಳ್ಳುತ್ತಾ.

ಅವಳು ಹೊರಡುವ ಮುಂಚೆ ಮುಖ ನೋಡಲೇಬೇಕು. ಶನಿವಾರ ಕಡೂರಿಗೆ ಹೋಗುತ್ತೇನೆ! ಅಜ್ಜಂಪುರದ ಈರುಳ್ಳಿ ಇನ್ನೂ ಸ್ವಲ್ಪ ಉಳಿದಿದೆ, ಅವಳಿಗೆ.

೮ ಏಪ್ರಿಲ್, ಭಾನುವಾರ

ನಿನ್ನೆ ರೈಲಿನಲ್ಲಿ ಬೀರೂರು ದಾಟುವಷ್ಟರಲ್ಲಿ ಗಾಬರಿಯಾಯಿತು. ಗುರುತು ಹಿಡಿಯುವುದು ಹೇಗೆ? ದನಿಯಿಂದ ಅವಳು ಎತ್ತರ, ತೆಳ್ಳಗೆ ಎಂದು ಹನ್ನೆರಡು ವರ್ಷ ನಂಬಿದ್ದೆ. ಕಡೂರಿನ ಪ್ಲಾಟ್‌ಫಾರಮ್ಮಿನಲ್ಲಿ ಕುಳ್ಳಗೆ, ದುಂಡಗೆ, ಮಲ್ಲಿಗೆ ಮುಡಿದ ಒಬ್ಬಳು ಎರಡೂ ಕೈ ಬಾಯಿಗಿಟ್ಟುಕೊಂಡು ಡಬ್ಬಿಯಿಂದ ಡಬ್ಬಿಗೆ ಕೂಗುತ್ತಾ ಓಡುತ್ತಿದ್ದಳು: “ಯೂನಿಸ್! ಯೂನಿಸ್!” ಇಡೀ ರೈಲು ಇಣುಕಿ ನೋಡಿತು. ನಾನು ಇಳಿದೆ. ಮಾತೇ ಬರಲಿಲ್ಲ, ಇಬ್ಬರಿಗೂ. ತಂತಿಯಿಲ್ಲದೆ ಮಾತಾಡಿ ಅಭ್ಯಾಸವಿಲ್ಲವಲ್ಲ! ಆಮೇಲೆ ಸಾಯಂಕಾಲದವರೆಗೂ ನಿಲ್ಲಿಸಲಿಲ್ಲ. ಷಣ್ಮುಖಪ್ಪನವರ ಬಂಕಿಗೂ ಹೋಗಿ ಅವರು ಟವಲ್ ಬೀಸಿದ ಜಾಗ ನೋಡಿ ಬಂದೆವು.

ಇವತ್ತು ಗರಿಗಳ ಭಾನುವಾರ. ಗರಿಗೆಂದು ಅಡಿಕೆ ಮಂಡಿಯ ತೀರ್ಥಪ್ಪನವರನ್ನು ಕೇಳಿದ್ದೆ. “ನಿಮ್ ದೇವರ ಮೆರವಣಿಗೆಗೆ ನಮ್ ತೋಟದ ತೆಂಗಾ? ಧಾರಾಳವಾಗಿ ಕೊಯ್ಕೊಳಿ,” ಎಂದು ಮಂಡಿಯ ಗಾಡಿಯಲ್ಲೇ ಕಳಿಸಿದ್ದರು. ಹನ್ನೊಂದು ಮನೆಯವರೂ ಗರಿ ಹಿಡಿದು ದೇವಾಲಯವನ್ನು ಸುತ್ತಿ ಒಳಗೆ ಬಂದೆವು. ಗೇಟ್‌ಮನ್ ಮಗುವಿನ ಕೆಮ್ಮು ವಾಸಿಯಾಗಿದೆ, ಗರಿಯನ್ನು ಕಚ್ಚುತ್ತಿತ್ತು.

ಉಪದೇಶಿಗಳು, “ಇವತ್ತು ಯೂನಿಸ್ ಪ್ರಾರ್ಥನೆ ಮಾಡಲಿ,” ಎಂದರು. ಎಲ್ಲರ ಮುಂದೆ, ಅದೂ ಕನ್ನಡದಲ್ಲಿ, ನಾನು ಎಂದೂ ಮಾಡಿದವಳಲ್ಲ. ಮೀನಾಕ್ಷಿಯ ಬಡ್ತಿಗಾಗಿ ವಂದನೆ ಹೇಳಬೇಕೆಂದು ಅವರಿಗೆ ಮೊದಲೇ ತಿಳಿಸಿದ್ದೆ. ಹೇಗೆ ಹೇಳಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಕಣ್ಣು ಮುಚ್ಚಿದೆ. “ಕರ್ತನೇ, ಮೀನಾಕ್ಷಿಗಾಗಿ ಸ್ತೋತ್ರ,” ಎಂದೆ. ಪ್ಲಾಟ್‌ಫಾರಮ್ಮಿನಲ್ಲಿ ಕೂಗುತ್ತಾ ಓಡುತ್ತಿದ್ದ ಮುಖ ಬಂತು. “ಮಲ್ಲಿಕಾರ್ಜುನನಿಗಾಗಿ ಸ್ತೋತ್ರ. ಅವನ ಹೆಂಡತಿಗಾಗಿ. ಇನ್ನೂ ಹೆಸರಿಡದ ಆ ಮಗುವಿಗಾಗಿ. ಪ್ರೇಮಳಿಗಾಗಿ. ನನಗಾಗಿ ಸ್ತೋತ್ರ.” ಎಲ್ಲರೂ ಆಮೆನ್ ಅಂದರು. ನಾನು ಹಾರ್ಮೋನಿಯಂ ಮುಂದೆ ಕುಳಿತೆ.

ಎಲ್ಲರೂ ಹೋದಮೇಲೆ ಉಪದೇಶಿಗಳು ಗರಿ ಆರಿಸುತ್ತಾ ಹತ್ತಿರ ಬಂದರು. “ಅದೇನೋ ಬಡ್ತಿ ಅಂದಿದ್ಯಲ್ಲಮ್ಮಾ, ಹೇಳ್ಲೇ ಇಲ್ಲ?”

“ಮರೆತೇ ಹೋಯಿತು,” ಎಂದೆ.

“ಹೂಂ,” ಎಂದರು. “ಹಾರ್ಮೋನಿಯಂ ಮುಚ್ಚಮ್ಮ, ಧೂಳು ಕೂರುತ್ತೆ.”